ಗೆರೆ ಮೂಡಿದರೆ ನೆಮ್ಮದಿ: ಅಫ್ಲಾಟಾಕ್ಸಿನ್ ಪಟ್ಟಿಯೊಂದಿಗೆ ಎರಡು ವರ್ಷ

ಕಾಳಿನಲ್ಲಿ ಬೆಳೆಯುವ ಬೂಷ್ಟಿನ ವಿಷವೇ ಅಫ್ಲಾಟಾಕ್ಸಿನ್. ಅದನ್ನು ಪತ್ತೆ ಮಾಡುವ ಪಟ್ಟಿಯಲ್ಲಿ ಮೊದಲ ಸಲ ಎರಡು ಗೆರೆ ಮೂಡಿದ್ದನ್ನು ಕಂಡು, ವಿಷವಿದೆಯೆಂದುಕೊಂಡು ಒಳ್ಳೆಯ ಮೆಕ್ಕೆಜೋಳವನ್ನೆಲ್ಲ ಬೇರೆ ಎತ್ತಿಟ್ಟಿದ್ದೆ. ಈ ಪಟ್ಟಿಯ ಲೆಕ್ಕ ತಲೆಕೆಳಗು. ಕಾಳಿನಲ್ಲಿ ವಿಷವಿದ್ದರೆ ಅದು ಪಟ್ಟಿಯಲ್ಲಿರುವ ಬಣ್ಣದ ಪ್ರತಿಕಾಯಗಳಿಗೆ (ವಿಷವನ್ನು ಹಿಡಿಯುವ ಪ್ರೋಟೀನ್‌ಗಳಿಗೆ) ಮೊದಲೇ ಅಂಟಿಕೊಳ್ಳುತ್ತದೆ, ಪರೀಕ್ಷಾ ಗೆರೆಯಲ್ಲಿ ನಿಲ್ಲಲು ಏನೂ ಉಳಿಯುವುದಿಲ್ಲ; ಇನ್ನೊಂದು ಗೆರೆ ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎನ್ನಲಷ್ಟೇ. ವಿಷ ಹೆಚ್ಚಿದಷ್ಟೂ ಗೆರೆ ಮಾಸುತ್ತದೆ.

ಹಸು ತಿಂದ ಅಫ್ಲಾಟಾಕ್ಸಿನ್ ಬಿ1, ಹಾಲಿನಲ್ಲಿ ಎಂ1 ಎಂಬ ಅದರದೇ ಇನ್ನೊಂದು ರೂಪವಾಗಿ ಇಳಿಯುತ್ತದೆ. ಆದ್ದರಿಂದ ಹೊಸ ಮೂಟೆಗಳು ಬಂದ ಬೆಳಿಗ್ಗೆ ನನಗೆ ಇದೇ ಕೆಲಸ. ಪಟ್ಟಿಯನ್ನು ಫ್ರಿಜ್‌ನಿಂದ ತೆಗೆದು ಪೊಟ್ಟಣ ಬಿಡಿಸದೆ ಬದಿಗಿಡುತ್ತೇನೆ. ತಣ್ಣಗಿರುವಾಗಲೇ ಬಿಡಿಸಿದರೆ ಗಾಳಿಯ ತೇವ ಹಿಡಿದು ಹಾಳಾಗುತ್ತದೆ. ಅಷ್ಟರಲ್ಲಿ ಕಾಳು ಬೀಸಿ, ಮೆಥನಾಲ್ ಬೆರೆತ ನೀರಿನಲ್ಲಿ ಕುಲುಕಿ, ತಿಳಿಯಾಗಲು ಬಿಡುತ್ತೇನೆ. ತಿಳಿಯನ್ನು ದುರ್ಬಲಗೊಳಿಸಿ ಪಟ್ಟಿ ಅದ್ದಿದ ಮೇಲೆ ಐದು ನಿಮಿಷ ಗುಲಾಬಿ ಬಣ್ಣ ಮೇಲೇರುವುದನ್ನು ನೋಡುತ್ತಾ ಕೂರುವುದು ನನಗೆ ಇಷ್ಟ. ಚಹಾ ಆರಿದರೂ ಏಳುವುದಿಲ್ಲ.

ಸಿಟ್ಟು ಬರುವುದು ಮಸುಕು ಗೆರೆಗೆ. ಎಷ್ಟೇ ತೆಳುವಾಗಿದ್ದರೂ ಗೆರೆ ಗೆರೆಯೇ ಎನ್ನುತ್ತದೆ ಕೈಪಿಡಿ. ಕಿಟಕಿಯ ಬೆಳಕಿನಲ್ಲಿ ನನಗೆ ಕಂಡದ್ದು ಟ್ಯೂಬ್‌ಲೈಟಿನ ಕೆಳಗೆ ನನ್ನ ಹೆಂಡತಿಗೆ ಕಾಣುವುದಿಲ್ಲ. ಗೆರೆ ಓದುವ ಯಂತ್ರ ನನ್ನ ಕೈಗೆಟುಕುವುದಲ್ಲ.

ಒಮ್ಮೆ ಒಂದೇ ಮೂಟೆ ಬೆಳಿಗ್ಗೆ ಶುದ್ಧ, ಸಂಜೆ ವಿಷ ಎಂದಿತು. ಮಾರಿದವನಿಗೆ ಖಾರವಾಗಿಯೇ ಬರೆದೆ. ತಪ್ಪು ನನ್ನದಾಗಿತ್ತು. ಬೂಷ್ಟು ಮೂಟೆಯಲ್ಲಿ ಸಮನಾಗಿ ಹರಡಿರುವುದಿಲ್ಲ. ವಿಷವೆಲ್ಲ ಬೆರಳೆಣಿಕೆಯ ಕಾಳುಗಳಲ್ಲೇ ಅಡಗಿರಬಹುದು, ನಾನೋ ಮೂಟೆಯ ಬಾಯಿಂದ ಒಂದು ಹಿಡಿ ಬಾಚಿದ್ದೆ. ಈಗ ಕೊಳವೆ ಚುಚ್ಚಿ ಮೇಲೆ, ನಡುವೆ, ತಳದಿಂದ ಕಾಳು ತೆಗೆದು, ಅಷ್ಟನ್ನೂ ಬೀಸಿ ಕಲಸಿದ ಮೇಲೆಯೇ ಪರೀಕ್ಷೆ. ಪಟ್ಟಿಯ ಮೇಲಿನ ಮುನಿಸು ಅರ್ಧ ಇಳಿಯಿತು, ಮಿಕ್ಸಿಯ ಬ್ಲೇಡು ಮಾತ್ರ ಸವೆದುಹೋಯಿತು.

ಇದಕ್ಕೂ ಮೊದಲು ಕೊಂಡ 365 ನ್ಯಾನೋಮೀಟರ್‌ನ ನೇರಳಾತೀತ ಟಾರ್ಚ್ ಡ್ರಾಯರ್‌ನಲ್ಲಿದೆ. ಕತ್ತಲೆಯಲ್ಲಿ ಕಾಳುಗಳು ಹಸಿರು-ಹಳದಿಯಾಗಿ ಮಿನುಗುವುದು ಚೆಂದವೇ. ಆದರೆ ಆ ಹೊಳಪಿಗೆ ಕಾರಣ ಬೂಷ್ಟು ಉತ್ಪಾದಿಸುವ ಕೋಜಿಕ್ ಆಮ್ಲ, ಅಫ್ಲಾಟಾಕ್ಸಿನ್ ಅಲ್ಲ. ಹೊಳೆಯದ ಕಾಳಿನಲ್ಲೂ ವಿಷ ಇರಬಹುದು.

ಗೋಧಿಗೂ ಇದೇ ಪಟ್ಟಿ ಸಾಕೆಂದು ಕೊಳ್ಳಬೇಡಿ. ಫ್ಯುಸೇರಿಯಂ ಎಂಬ ಬೂಷ್ಟಿನ ವಿಷ ಡಿಆಕ್ಸಿನಿವಲೆನಾಲ್ ಇದಕ್ಕೆ ಸಿಗುವುದಿಲ್ಲ, ಅದರ ಪಟ್ಟಿಯೇ ಬೇರೆ. ಐದರಲ್ಲಿ ಮೂರೂವರೆ ನಕ್ಷತ್ರ. ಉಳಿದ ಒಂದೂವರೆ ಆ ಮಸುಕು ಗೆರೆಯ ಪಾಲು.