ಮೈಸೂರಿನಲ್ಲಿ ಕೌಟುಂಬಿಕ ಕೇಸು: ಮೈಸೂರಿನ ವಕೀಲರೋ, ಬೆಂಗಳೂರಿನವರೋ?

ಇಬ್ಬರೂ ಒಪ್ಪಿದ ವಿಚ್ಛೇದನಕ್ಕೆ ಊರಿನ ವಕೀಲರೇ ಸಾಕು. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಒಂದು ವರ್ಷ ಬೇರೆಯಾಗಿದ್ದಿರಬೇಕು. ಅರ್ಜಿಯ ನಂತರ ಕಾಯಬೇಕಾದ ಆರು ತಿಂಗಳನ್ನು ಸೂಕ್ತ ಕಾರಣವಿದ್ದರೆ ಕೋರ್ಟು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಮನ್ನಾವನ್ನು ಕೋರ್ಟಿನಲ್ಲಿ ಕೇಳುವವರೇ ನಿಮ್ಮ ವಕೀಲರಾಗಲಿ.

ತಕರಾರಿನ ಕೇಸಿನಲ್ಲಿ ವ್ಯತ್ಯಾಸ ದೊಡ್ಡದು. ಬೆಂಗಳೂರಿನವರಾದರೆ ಪ್ರತಿ ವಾಯಿದೆಗೂ ಪ್ರಯಾಣದ ಖರ್ಚು. ಅವರು ಬರದ ದಿನ ಜೂನಿಯರ್ ಎದ್ದುನಿಂತು ಮುಂದಿನ ತಾರೀಖು ಕೇಳುತ್ತಾರೆ, ನೀವು ರಜೆ ಹಾಕಿ ಬಂದದ್ದು ವ್ಯರ್ಥ. ಹೈಕೋರ್ಟ್ ಮೇಲ್ಮನವಿಗೆ ಮಾತ್ರ ಬೆಂಗಳೂರಿನವರೇ ಅನುಕೂಲ.

ಮಗುವಿನ ಸುಪರ್ದಿಗೆ ಪ್ರತ್ಯೇಕ ಅರ್ಜಿಯಾದರೆ ಅದು ಮಗು ವಾಸವಿರುವ ಜಿಲ್ಲೆಯಲ್ಲೇ. ಮಗು ಮಂಡ್ಯದಲ್ಲಿದ್ದರೆ ಮಂಡ್ಯದ ವಕೀಲರನ್ನೇ ಹಿಡಿಯಿರಿ, ಶಾಲೆಯ ದಾಖಲೆ ಒಯ್ಯಿರಿ.

ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾ (CARA) ಮೂಲಕ ದತ್ತು ಪಡೆದರೆ ಆದೇಶ ಜಿಲ್ಲಾಧಿಕಾರಿಯದು. ವಕೀಲರಿಗೆ ಕೆಲಸ ಕಡಿಮೆ.

ಹೆಣ್ಣುಮಕ್ಕಳೇ, ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು.