ಬೀಡಿನ ಕಡಾಯಿಯಲ್ಲಿ ವಾರದ ದಿನದ ಪಲ್ಯ: ಎಂಟು ತಿಂಗಳ ಬಳಕೆಯ ಅನುಭವ

ಸಂಜೆ ಆರೂವರೆಗೆ ಕೆಲಸದಿಂದ ಮನೆಗೆ ಬಂದು ಏಳೂವರೆಯೊಳಗೆ ಐದು ಜನರಿಗೆ ರೊಟ್ಟಿ, ಪಲ್ಯ ಬಡಿಸಬೇಕಾದ ನನಗೆ ತರಕಾರಿ ಹೆಚ್ಚುವ ಕೆಲಸ ಎಂದೂ ಭಾರವೆನಿಸಿರಲಿಲ್ಲ; ಹೆಚ್ಚಿದ ತರಕಾರಿ ಬಾಣಲೆಗೆ ಬಿದ್ದೊಡನೆ ನೀರು ಬಿಟ್ಟುಕೊಂಡು ಮೆತ್ತಗಾಗುವುದೇ ಬೇಸರ ತರುತ್ತಿತ್ತು. ನಮ್ಮ ಅತ್ತೆಯವರಿಗೆ ಹಾಲಿನ ಪದಾರ್ಥ ಒಗ್ಗುವುದಿಲ್ಲವಾದ್ದರಿಂದ ತುಪ್ಪ, ಮೊಸರು, ಪನೀರುಗಳ ಆಸರೆಯಿಲ್ಲದೆ, ತರಕಾರಿ, ಕಾಳು, ಎಣ್ಣೆ, ಹಿಂಡಿ (ಚಟ್ನಿಪುಡಿ)ಗಳಿಂದಲೇ ರಾತ್ರಿಯ ಊಟಕ್ಕೆ ರುಚಿ ತರಬೇಕು. ಈ ಕಾರಣಕ್ಕಾಗಿಯೇ ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ಬೆಳಗಾವಿಯ ಪೇಟೆಯ ಪಾತ್ರೆ ಅಂಗಡಿಯೊಂದರಿಂದ ಬೀಡಿನ, ಅಂದರೆ ಎರಕದ ಕಬ್ಬಿಣದ, ಕಡಾಯಿಯೊಂದನ್ನು ತಂದೆ. ಅದರ ಬಾಯಿಯ ಅಗಲ 25 ಸೆಂಟಿಮೀಟರ್, ತೂಕ ಸುಮಾರು 2.8 ಕಿಲೊ, ಬೆಲೆ 1,250 ರೂಪಾಯಿ. ತಳ ಚಪ್ಪಟೆಯಾಗಿದ್ದು, ಎರಡು ಪುಟ್ಟ ಕಿವಿಗಳು ಕಡಾಯಿಯ ಜೊತೆಗೇ ಒಂದೇ ಎರಕದಲ್ಲಿ ಮೂಡಿವೆ.

ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಿಂದಾಗಿ, ಅಂದರೆ ಎರಕದ ಕಾರ್ಖಾನೆಗಳಿಂದಾಗಿ, ಎರಕದ ಕೆಲಸ ಬಲ್ಲವರು ನಮ್ಮ ಊರಿನಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಅಂಥ ಒಂದು ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದ ನೆರೆಮನೆಯ ಕಾಕಾ ಈ ಕಡಾಯಿಯನ್ನು ಕೈಯಲ್ಲಿ ಹಿಡಿದು ನೋಡಿ, "ತಂಗೆವ್ವಾ, ಬೀಡು ಕಾಯಾಕ ತಡಾ ಮಾಡತೈತಿ, ಆದರ ಒಮ್ಮೆ ಕಾಯ್ತಂದ್ರ ಜಲ್ದಿ ಆರೂದಿಲ್ಲ" ಎಂದರು. ನನ್ನ ತೊಡಕಿಗೆ ಉತ್ತರ ಈ ಮಾತಿನಲ್ಲಿಯೇ ಇತ್ತು. ತೆಳುವಾದ ಅಲ್ಯೂಮಿನಿಯಂ ಬಾಣಲೆ ಬೇಗ ಕಾಯುತ್ತದೆ, ಆದರೆ ಅರ್ಧ ಕಿಲೊ ತಣ್ಣನೆಯ ತರಕಾರಿ ಬಿದ್ದೊಡನೆ ಅಷ್ಟೇ ಬೇಗ ಕಾವು ಕಳೆದುಕೊಳ್ಳುತ್ತದೆ. ಆಗ ತರಕಾರಿಯಿಂದ ಹೊರಬಂದ ನೀರು ಆವಿಯಾಗಿ ಹೋಗದೆ ತಳದಲ್ಲಿ ನಿಲ್ಲುತ್ತದೆ, ಹುರಿಯಬೇಕಾದದ್ದು ಬೇಯತೊಡಗುತ್ತದೆ. ದಪ್ಪ ಬೀಡಿನ ಮೈಯಲ್ಲಿ ಸಂಗ್ರಹವಾದ ಕಾವು ಆ ಹೊಡೆತವನ್ನು ತಡೆದುಕೊಳ್ಳುತ್ತದೆ. ಮೊದಲು ನಮ್ಮಲ್ಲಿದ್ದ ನಾನ್‌ಸ್ಟಿಕ್ ಬಾಣಲೆಯನ್ನು ಹೀಗೆ ಜೋರಾಗಿ ಕಾಯಿಸುವಂತೆಯೇ ಇರಲಿಲ್ಲ, ಏಕೆಂದರೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪ ಕೆಡಲಾರಂಭಿಸುತ್ತದೆ.

ಈಗ ನನ್ನ ಕ್ರಮ ಹೀಗಿದೆ. ಬೀನ್ಸ್, ಗಜ್ಜರಿ, ಡಬ್ಬ ಮೆಣಸಿನಕಾಯಿ, ಎಲೆಕೋಸುಗಳನ್ನು ತೊಳೆದು ಬಟ್ಟೆಯ ಮೇಲೆ ಹರಡಿ ಒಣಗಿಸಿ, ಒಂದೇ ಅಳತೆಯ ಉದ್ದನೆಯ ಹೋಳುಗಳಾಗಿ ಹೆಚ್ಚಿಕೊಳ್ಳುತ್ತೇನೆ. ಖಾಲಿ ಕಡಾಯಿಯನ್ನು ನಡುಉರಿಯಲ್ಲಿ ಐದು ನಿಮಿಷ ಕಾಯಿಸಿ, ಚಿಮುಕಿಸಿದ ನೀರಿನ ಹನಿ ಮುತ್ತಿನಂತೆ ಉರುಳಾಡತೊಡಗಿದಾಗ ಉರಿಯನ್ನು ತುಸು ತಗ್ಗಿಸಿ ಎರಡು ಚಮಚ ಎಣ್ಣೆ ಹಾಕಿ, ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವುಗಳ ಒಗ್ಗರಣೆ ಕೊಡುತ್ತೇನೆ. ಮತ್ತೆ ಉರಿ ಏರಿಸಿ, ಗಟ್ಟಿಯಾದ ಬೀನ್ಸ್ ಮತ್ತು ಗಜ್ಜರಿಯನ್ನು ಮೊದಲು ಹಾಕಿ ನಾಲ್ಕು ನಿಮಿಷ ಹುರಿದ ಮೇಲೆ, ಉಳ್ಳಾಗಡ್ಡಿ, ಎಲೆಕೋಸು, ಡಬ್ಬ ಮೆಣಸಿನಕಾಯಿಗಳನ್ನು ಸೇರಿಸಿದರೆ ಮೂರು ನಿಮಿಷದಲ್ಲಿ ಅಂಚುಗಳು ಕಂದುಬಣ್ಣಕ್ಕೆ ತಿರುಗುತ್ತವೆ, ಒಳಗೆ ಮಾತ್ರ ಕಚ್ಚಿದರೆ ಕರುಕುರು ಎನ್ನುವ ಹದ ಉಳಿದಿರುತ್ತದೆ. ಉಪ್ಪು ತರಕಾರಿಯ ನೀರನ್ನು ಹೊರಗೆಳೆಯುವುದರಿಂದ ಅದನ್ನು ಕೊನೆಗೇ ಹಾಕಬೇಕು. ಒಲೆ ಆರಿಸಿದ ಮೇಲೆ ಗುರೆಳ್ಳು ಹಿಂಡಿ ಅಥವಾ ಶೇಂಗಾ ಹಿಂಡಿಯನ್ನು ಉದುರಿಸಿ ಕೈಯಾಡಿಸಿದರೆ ಜೋಳದ ರೊಟ್ಟಿಗೆ ಪಲ್ಯ ಸಿದ್ಧ. ಮೊಳಕೆ ಬರಿಸಿದ ಮಡಕಿ ಕಾಳು ಮನೆಯಲ್ಲಿದ್ದ ದಿನ ಅದನ್ನು ಬೇರೆಯಾಗಿ ಐದಾರು ನಿಮಿಷ ಮುಚ್ಚಿ ಬೇಯಿಸಿ ಕಡೆಯಲ್ಲಿ ಸೇರಿಸುತ್ತೇನೆ. ಹಾಲಿನ ಪದಾರ್ಥವಿಲ್ಲದ ಊಟಕ್ಕೆ ಅದರಿಂದ ಒಳ್ಳೆಯ ಬಲ ಬರುತ್ತದೆ. ಐದು ಜನರ ಪಲ್ಯವನ್ನು ಈ ಕಡಾಯಿಯಲ್ಲಿ ಎರಡು ಸಲವಾಗಿಯೇ ಹುರಿಯಬೇಕು. ಒಮ್ಮೆಲೇ ತುಂಬಿದರೆ ಬೀಡು ಕೂಡ ಸೋಲುತ್ತದೆ.

ಮೊದಲ ದಿನಗಳು ಮಾತ್ರ ಸುಲಭವಾಗಿರಲಿಲ್ಲ. ಕಡಾಯಿಯನ್ನು ಪಳಗಿಸಿಯೇ, ಅಂದರೆ ಎಣ್ಣೆ ಸವರಿ ಕಾಯಿಸಿ ಪದರಗಟ್ಟಿಸಿಯೇ, ಮಾರಲಾಗುತ್ತಿದೆ, ತೊಳೆದು ನೇರವಾಗಿ ಬಳಸಬಹುದು ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು. ಆದರೆ ಮೊದಲ ಸಂಜೆಯೇ ಎಲೆಕೋಸು ತಳಕ್ಕೆ ಅಂಟಿ ಹಿಡಿಯಿತು, ಪಲ್ಯದಲ್ಲಿ ಕಪ್ಪು ಚುಕ್ಕೆಗಳು ಕಂಡವು. ಕಾಕಾ ಹೇಳಿದಂತೆ ಕಡಾಯಿಯನ್ನು ತಿಕ್ಕಿ ತೊಳೆದು, ಒಲೆಯ ಮೇಲೆ ಪೂರ್ತಿ ಆರಿಸಿ, ಒಳಗೂ ಹೊರಗೂ ಕುಸುಬಿ ಎಣ್ಣೆ ಸವರಿ, ಎಣ್ಣೆಯೇ ಹಚ್ಚಿಲ್ಲವೇನೋ ಎನ್ನುವಷ್ಟು ಒರೆಸಿ, ಹೊಗೆಯಾಡುವವರೆಗೆ ಕಾಯಿಸಿ ತಣಿಯಲು ಬಿಟ್ಟೆ. ಹೀಗೆ ಮೂರು ಸಲ ಮಾಡಿದ ಮೇಲೆ ಒಳಮೈಗೆ ಕಪ್ಪು ಹೊಳಪು ಬಂದಿತು. ಕುಸುಬಿ ಮತ್ತು ಅಗಸಿ ಎಣ್ಣೆಗಳು ಕಾವಿಗೆ ಗಟ್ಟಿಯಾಗಿ ಪದರಗಟ್ಟುವ ಜಾತಿಯವು. ಕುಸುಬಿ ಎಣ್ಣೆಯನ್ನು ಬಹಳ ಹೊತ್ತು ಕುದಿಸಿ ಬಟ್ಟೆಗೆ, ತೊಗಲಿಗೆ ಬಳಿಯುವ ರೋಗನ್ ಎಂಬ ಲೇಪ ಮಾಡುತ್ತಿದ್ದುದು ಇದೇ ಗುಣದಿಂದ. ನಮ್ಮ ಸೀಮೆಯ ಹೊಲದ ಎಣ್ಣೆ ಕಡಾಯಿಯನ್ನು ಪಳಗಿಸಲು ಇಷ್ಟು ಚೆನ್ನಾಗಿ ಒದಗಿದ್ದು ನನಗೆ ಬಹಳ ಸಂತೋಷ ತಂದಿತು. ಎಣ್ಣೆ ದಪ್ಪವಾಗಿ ಉಳಿದರೆ ಮಾತ್ರ ಅಂಟು ಅಂಟಾಗುತ್ತದೆ, ಆದ್ದರಿಂದ ಒರೆಸುವುದರಲ್ಲಿ ಜಿಪುಣತನ ಬೇಡ.

ಇದರ ಮಿತಿಗಳನ್ನೂ ಹೇಳಲೇಬೇಕು. ಟೊಮ್ಯಾಟೊ, ಹುಣಸೆಹುಳಿಗಳನ್ನು ಇದರಲ್ಲಿ ಕುದಿಸಿದರೆ ಪಳಗಿದ ಪದರ ಕಿತ್ತು ಬರುತ್ತದೆ, ಪಲ್ಯಕ್ಕೆ ಕಬ್ಬಿಣದ ರುಚಿ ಹತ್ತುತ್ತದೆ. ಎಣ್ಣೆಗಾಯಿಗೆ ನಾನು ಇನ್ನೂ ಸ್ಟೀಲಿನ ಪಾತ್ರೆಯನ್ನೇ ಬಳಸುತ್ತೇನೆ. ನಿಂಬೆರಸವನ್ನು ತಟ್ಟೆಗೆ ಬಡಿಸಿದ ಮೇಲೆ ಹಿಂಡಿದರೆ ಸಾಕು. ಕಬ್ಬಿಣದ ಪಾತ್ರೆಯಿಂದ ಆಹಾರಕ್ಕೆ ಕಬ್ಬಿಣಾಂಶ ಸೇರುವುದು ನಿಜವಾದರೂ, ಹುಳಿಯಾದ, ಬಹಳ ಹೊತ್ತು ಬೇಯುವ ಸಾರಿನಷ್ಟು ಈ ಬಿರುಸಾದ ಹುರಿತದಲ್ಲಿ ಸೇರಲಾರದು, ಆದ್ದರಿಂದ ಅದೊಂದೇ ಆಸೆಯಿಂದ ಇದನ್ನು ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಕಿವಿಗಳು ಸುಡುತ್ತವೆ, ಬಟ್ಟೆಯಿಲ್ಲದೆ ಮುಟ್ಟುವಂತಿಲ್ಲ. ತುಂಬಿದ ಕಡಾಯಿಯನ್ನು ಅತ್ತೆಯವರು ಎತ್ತಲಾರರು, ಹಾಗಾಗಿ ಪಲ್ಯವನ್ನು ಒಲೆಯ ಮೇಲಿಂದಲೇ ಬೇರೆ ಪಾತ್ರೆಗೆ ತೆಗೆಯುತ್ತೇವೆ. ಬಿಸಿ ಕಡಾಯಿಗೆ ತಣ್ಣೀರು ಸುರಿದರೆ ಬೀಡು ಬಿರಿಯಬಹುದು. ಬೆಳಗಾವಿಯ ಜುಲೈ ಮಳೆಯಲ್ಲಿ ಒಂದು ರಾತ್ರಿ ಒದ್ದೆಯಾಗಿ ಬಿಟ್ಟದ್ದಕ್ಕೆ ಬೆಳಗಾಗುವಷ್ಟರಲ್ಲಿ ಅಂಚಿಗೆ ತುಕ್ಕು ಬಂದಿತ್ತು. ಅಂದಿನಿಂದ ತೊಳೆದೊಡನೆ ಒಲೆಯ ಮೇಲಿಟ್ಟು ಆರಿಸಿ, ಒಂದು ಹನಿ ಎಣ್ಣೆ ಸವರಿಯೇ ಎತ್ತಿಡುತ್ತಿದ್ದೇನೆ.

ಇಷ್ಟೆಲ್ಲ ಆರೈಕೆಗೆ ಎರಡು ನಿಮಿಷ ಸಾಲುತ್ತದೆ, ಮತ್ತು ಆ ಎರಡು ನಿಮಿಷವನ್ನು ಕೊಡಬಲ್ಲ ಪ್ರತಿಯೊಂದು ಮನೆಗೂ ನಾನು ಈ ಕಡಾಯಿಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಕೊಳ್ಳುವಾಗ ಮಾತ್ರ ಅವಸರ ಬೇಡ. ನಮ್ಮ ಕಡಾಯಿಯ ಒಳ ಅಂಚಿನಲ್ಲಿ ಎರಕದ ಮರಳಿನಿಂದಾದ ಸಣ್ಣ ಕುಳಿಯೊಂದಿದೆ, ತರಕಾರಿ ಈಗಲೂ ಅಲ್ಲಿಯೇ ಅಂಟುತ್ತದೆ. ಒಮ್ಮೆ ಒಲೆಗೇರಿಸಿದ್ದನ್ನು ಬದಲಿಸಿ ಕೊಡಲು ಅಂಗಡಿಯವರು ಒಪ್ಪಲಿಲ್ಲ. ಒಳಮೈಯ ಮೇಲೆಲ್ಲ ಬೆರಳಾಡಿಸಿ ನೋಡಿ, ಕಿವಿ ಹಿಡಿದು ಎತ್ತಿ ಗೆಣ್ಣಿನಿಂದ ಬಡಿದು ಕೇಳಿರಿ: ಗಂಟೆಯಂತೆ ನಾದ ಬಂದರೆ ತನ್ನಿರಿ, ಒಡೆದ ಮಡಕೆಯ ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆ, ಅಲ್ಲಿಯೇ ಬಿಟ್ಟು ಬನ್ನಿರಿ.