‘ಹೊಸ ಫೋಮ್ ಹಾಕಿಸಿದೆ’ ಎಂದರೆ ಮೊದಲು ಅದನ್ನೇ ಅನುಮಾನಿಸಿ

“ಹೊಸ ಫೋಮ್ ಹಾಕಿಸಿದೆ ಸಾರ್, ಇನ್ನು ಹದಿನೈದು ವರ್ಷ ಯೋಚನೆ ಇಲ್ಲ.” ಎಂಬತ್ತರ ದಶಕದ ಎಂಟಿಂಚು ವೂಫರ್‌ನ ಸ್ಪೀಕರ್ ಜೋಡಿಯೊಂದು ಕೈಬದಲಾದದ್ದು ಈ ಒಂದು ಮಾತಿನ ಮೇಲೆ. ವೂಫರ್ ಎಂದರೆ ಪೆಟ್ಟಿಗೆಯೊಳಗೆ ಬಾಸ್ ನುಡಿಸುವ ದೊಡ್ಡ ಘಟಕ; ಫೋಮ್ ಎಂದರೆ ಅದರ ಕೋನಿನ (ಅಲುಗಿ ಸದ್ದು ಹೊರಡಿಸುವ ಬಟ್ಟಲಿನ) ಅಂಚನ್ನು ಫ್ರೇಮಿಗೆ ಹಿಡಿದಿಡುವ ಮೆದು ಸುತ್ತುಪಟ್ಟಿ. ಮಾರುವವರು ಬಾಸ್ ಏರಿಸಿ ತಮಟೆ ಹೊಡೆತದ ಹಾಡು ಕೇಳಿಸಿದ್ದರು, ಏನೂ ಕೊರತೆ ಕಾಣಲಿಲ್ಲ. ಮನೆಯಲ್ಲಿ ಒಂಟಿ ವೀಣೆಯ ಮಂದ್ರ ಹಾಕಿದ ಕೂಡಲೇ ಬಲಗಡೆಯದರಲ್ಲಿ ಉಪ್ಪುಕಾಗದ ಉಜ್ಜಿದಂಥ ಕರಕರ. ಫೋಮ್ ನಿಜಕ್ಕೂ ಹೊಸದೇ. ಆದರೆ ಕೋನಿನ ಹಿಂದಿನ ತಂತಿಸುರುಳಿ (ವಾಯ್ಸ್ ಕಾಯಿಲ್) ನಡುವಿಗೆ ಬರುವಂತೆ ಶಿಮ್, ಅಂದರೆ ತೆಳು ಪಟ್ಟಿ, ಇಡದೆ, ಕಣ್ಣಳತೆಯಲ್ಲಿ ಅಂಟಿಸಿದ್ದರು.

ಮ್ಯಾಗ್ನೆಟ್ಟಿನ ಗ್ಯಾಪಿನಲ್ಲಿ, ಅಂದರೆ ಕಾಯಿಲ್ ಓಡಾಡುವ ಕಿರು ಸಂದಿನಲ್ಲಿ, ವಾಯ್ಸ್ ಕಾಯಿಲ್‌ಗೆ ಪ್ರತಿ ಬದಿಯಲ್ಲಿ ಸಿಗುವ ಜಾಗ ಸಾಮಾನ್ಯವಾಗಿ ಅರ್ಧ ಮಿಲಿಮೀಟರೂ ಇರುವುದಿಲ್ಲ. ಅಂಚಿನ ಫೋಮ್ ಸ್ವಲ್ಪ ಒಂದು ಕಡೆಗೆ ಎಳೆದು ಕೂತರೂ ಕಾಯಿಲ್ ಕಬ್ಬಿಣಕ್ಕೆ ತಾಗುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಎಆರ್-1 ಸ್ಪೀಕರ್ ಮೂಲಕ ತಂದ ಮುಚ್ಚಿದ ಪೆಟ್ಟಿಗೆಯ ವಿನ್ಯಾಸದಲ್ಲಿ ಇದು ಇನ್ನೂ ನಾಜೂಕು. ಅಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್, ಅಂಚು ಮತ್ತು ಸ್ಪೈಡರ್ (ಕಾಯಿಲನ್ನು ಹಿಂದಿನಿಂದ ಹಿಡಿಯುವ ಸುಕ್ಕುಬಟ್ಟೆ) ಬೇಕೆಂದೇ ತೀರ ಮೆದು. ಅದಕ್ಕೆ ‘ಎಂಟಿಂಚಿನದು’ ಎಂದು ಸಿಕ್ಕ ಯಾವುದೋ ಬಿರುಸು ಫೋಮ್ ಹಾಕಿದರೆ ಕಾಯಿಲ್ ನಡುವಿನಲ್ಲಿದ್ದರೂ ಬಾಸ್ ಒಣಗಿಹೋಗುತ್ತದೆ. ಹಳೆಯ ವೂಫರ್‌ಗಳಲ್ಲಿ ಬಟ್ಟೆಯ ಅಂಚಿನವೂ ಇವೆ. ಬಟ್ಟೆ ಹರಿಯದೆ ಗಟ್ಟಿಮುಟ್ಟಾಗಿದ್ದರೆ ಅದನ್ನು ಕಿತ್ತು ಫೋಮ್ ಹಾಕಿಸುವುದು ಶುದ್ಧ ತಪ್ಪು.

ಕೊಳ್ಳುವ ಜಾಗದಲ್ಲೇ ಗ್ರಿಲ್ ತೆಗೆಸಿ. ಆಂಪ್ಲಿಫಯರ್ ಆರಿಸಿ, ಕೋನಿನ ನಡುವಿನ ಗುಂಡು ಮುಚ್ಚಳ (ಡಸ್ಟ್ ಕ್ಯಾಪ್) ಮುಟ್ಟದೆ ಎರಡೂ ಕೈಗಳ ಬೆರಳುಗಳನ್ನು ಅದರ ಸುತ್ತ ಹರಡಿ, ಕೋನನ್ನು ಸಮವಾಗಿ ಮೂರ್ನಾಲ್ಕು ಮಿಲಿಮೀಟರ್ ಒಳಕ್ಕೆ ಒತ್ತಿ. ಉಜ್ಜುವ ಸದ್ದೋ ತಡೆಯೋ ಬೆರಳಿಗೇ ಗೊತ್ತಾಗುತ್ತದೆ. ಓರೆಯಾಗಿ ಒತ್ತಿದರೆ ಚೆನ್ನಾಗಿರುವ ವೂಫರೂ ಉಜ್ಜೀತು, ಹುಷಾರು. ಆಮೇಲೆ ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ 30 ಹರ್ಟ್ಸ್‌ನಿಂದ 100ರವರೆಗೆ ಸಣ್ಣ ಸದ್ದಿನಲ್ಲಿ ಸೈನ್ ಟೋನ್, ಅಂದರೆ ಒಂದೇ ಶುದ್ಧ ಸ್ವರ, ಕೊಡಿ. ಹಾಡಿನಲ್ಲಿ ಮುಚ್ಚಿಹೋಗುವ ಕರಕರ ಇಲ್ಲಿ ಬೆತ್ತಲಾಗುತ್ತದೆ. ತಂಬೂರಿಯ ರೆಕಾರ್ಡಿಂಗ್ ಮಾತ್ರ ಬೇಡ, ಅದರ ಜೀವಾಳದ ಝೇಂಕಾರವೇ ದೋಷದಂತೆ ಕೇಳಿಸಿ ದಾರಿ ತಪ್ಪಿಸುತ್ತದೆ.

ಸದ್ದು ಬಂತೆಂದು ತಕ್ಷಣ ವೂಫರ್ ದೂರಬೇಡಿ. ಆಂಪ್ಲಿಫಯರಿನ ಎಡ-ಬಲ ತಂತಿ ಅದಲುಬದಲು ಮಾಡಿ: ಸದ್ದು ಇನ್ನೊಂದು ಪೆಟ್ಟಿಗೆಗೆ ಹೋದರೆ ತಪ್ಪು ಆಂಪ್ಲಿಫಯರಿನದು, ಅಲ್ಲೇ ಉಳಿದರೆ ಪೆಟ್ಟಿಗೆಯದು. ‘ಫುಸ್’ ಎನ್ನುವುದಾದರೆ ಅದು ಗಾಳಿ ಸೋರಿಕೆ. ಊದುಬತ್ತಿಯ ಹೊಗೆಯನ್ನು ಅಂಚಿನ ಸುತ್ತ, ಫೋಮಿಗೆ ಕಿಡಿ ತಾಗದಷ್ಟು ದೂರದಲ್ಲಿ ಹಿಡಿದರೆ ಎಲ್ಲಿ ಎಂದು ಕಾಣುತ್ತದೆ. ಬಿಟ್ಟು ಬಿಟ್ಟು ಬರುವ ಸದ್ದಾದರೆ ವೂಫರ್ ಬಿಚ್ಚಿ, ತಂತಿ ಕಳಚಿ ಮಲ್ಟಿಮೀಟರ್ ಇಡಿ. ಎಂಟು ಓಮ್‌ನದು ಸಾಮಾನ್ಯವಾಗಿ 5.5ರಿಂದ 7 ತೋರಿಸಬೇಕು. ಕೋನ್ ಮೆಲ್ಲಗೆ ಅಲುಗಿಸಿ ಹಿಡಿದಾಗ ಅಂಕಿ ಕುಣಿದರೆ ಕೋನಿಗೆ ಹೋಗುವ ಹೆಣೆದ ತಂತಿ ಒಳಗೆ ತುಂಡಾಗಿದೆ.

ಮುಖ್ಯ ಪರೀಕ್ಷೆ ಇನ್ನೊಂದಿದೆ. ಸಣ್ಣಗೆ 30 ಹರ್ಟ್ಸ್ ಓಡುತ್ತಿರುವಾಗ ಕೋನನ್ನು ಒಂದೇ ಬೆರಳಲ್ಲಿ ಪಕ್ಕಕ್ಕೆ ಹಗುರವಾಗಿ ದೂಡಿ, ಸುತ್ತಲೂ ಎಂಟು ದಿಕ್ಕಿಗೆ. ಒಂದು ದಿಕ್ಕಿನಲ್ಲಿ ಕರಕರ ನಿಂತರೆ ಕಾಯಿಲ್ ಜರುಗಿದೆ ಅಷ್ಟೆ, ರಿಪೇರಿ ಸಾಧ್ಯ. ಯಾವ ದಿಕ್ಕಿನಲ್ಲೂ ನಿಲ್ಲದಿದ್ದರೆ ಗ್ಯಾಪಿನಲ್ಲಿ ಕಸವೋ ತುಕ್ಕೋ, ಕಾಯಿಲ್ ಸುತ್ತು ಬಿಚ್ಚಿಕೊಂಡಿದೆಯೋ, ಇಲ್ಲವೇ ಪೆಟ್ಟಿಗೆ ಬಿದ್ದು ಅಂಟಿಸಿದ ಮ್ಯಾಗ್ನೆಟ್ ಸರಿದಿದೆಯೋ ಇರಬೇಕು.

ಜರುಗಿದ್ದಾದರೆ ಹೊಸ ಫೋಮ್ ಕಿತ್ತೆಸೆಯಬೇಕಿಲ್ಲ. ಕೋನಿನ ಕಡೆಯ ಅಂಟು ಹಾಗೇ ಇರಲಿ, ಫ್ರೇಮಿನ ಕಡೆ ಮಾತ್ರ ಬಿಡಿಸಿ. ಬಿಳಿ ಗೋಂದಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಸವರುತ್ತ, ಮೊಂಡು ಚಾಕುವಿನಿಂದ ಸ್ವಲ್ಪಸ್ವಲ್ಪವೇ ಎತ್ತಬಹುದು. ಫೆವಿಕ್ವಿಕ್ ಹಾಕಿದ್ದರೆ ಫೋಮ್ ಹರಿಯುವುದು ಬಹುತೇಕ ಖಚಿತ. ಡಸ್ಟ್ ಕ್ಯಾಪನ್ನು ಹೊಸ ಬ್ಲೇಡಿನಿಂದ ಸುತ್ತ ಕೊಯ್ದು ತೆಗೆಯಿರಿ. ಗ್ಯಾಪಿಗೆ ಬಾಯಿಂದ ಊದಬೇಡಿ, ಕಸ ಇನ್ನಷ್ಟು ಕೆಳಗಿಳಿಯುತ್ತದೆ. ತೆಳು ಕಾರ್ಡಿಗೆ ಅಂಟುಪಟ್ಟಿ ಸುತ್ತಿ ಇಳಿಸಿ ಎತ್ತಿದರೆ ಕಬ್ಬಿಣದ ಪುಡಿಯೂ ಬರುತ್ತದೆ. ಈಗ ಓಎಚ್‌ಪಿ ಹಾಳೆಯ (ಪ್ರೊಜೆಕ್ಟರಿಗೆ ಬಳಸುವ ತೆಳು ಪಾರದರ್ಶಕ ಪ್ಲಾಸ್ಟಿಕ್) ನಾಲ್ಕು ಸಮ ಪಟ್ಟಿಗಳನ್ನು ನಡುವಿನ ಕಬ್ಬಿಣದ ಕಂಬಕ್ಕೂ ಕಾಯಿಲ್‌ಗೂ ನಡುವೆ ನಾಲ್ಕು ಬದಿಗೆ ತೂರಿಸಿ. ಸಡಿಲವಾದರೆ ಎರಡೆರಡು ಹಾಳೆ. ಆದರೆ ಕಾಯಿಲ್ ಉಬ್ಬುವಷ್ಟು ತುರುಕಬೇಡಿ. ಫೋಮನ್ನು ಫ್ರೇಮಿಗೆ ಒಣಗಿದರೆ ಪಾರದರ್ಶಕವಾಗುವ ಬಿಳಿ ಗೋಂದಿನಲ್ಲಿ ಅಂಟಿಸಿ, ಬಟ್ಟೆ ಕ್ಲಿಪ್ ಹಾಕಿ 24 ಗಂಟೆ ಬಿಡಿ. ಪಟ್ಟಿ ಎಳೆದು ಮತ್ತೆ 30 ಹರ್ಟ್ಸ್ ಕೇಳಿ, ನಿಶ್ಶಬ್ದವಾಗಿದ್ದರೆ ಮಾತ್ರ ಡಸ್ಟ್ ಕ್ಯಾಪ್ ಅಂಟಿಸಿ. ಅವಸರದಲ್ಲಿ ಮೊದಲೇ ಅಂಟಿಸಿದವರು ಎರಡನೇ ಸಲ ಕೊಯ್ಯುತ್ತಾರೆ.

ಸರಿದ ಮ್ಯಾಗ್ನೆಟ್ಟಿನ ವಿಷಯ ಬೇರೆ. ಅದನ್ನು ಬಿಡಿಸಿ ಮತ್ತೆ ನಡುವಿಗೆ ಕೂರಿಸಲು ಜಿಗ್ (ಜಾಗ ತಪ್ಪದಂತೆ ಹಿಡಿಯುವ ಸಾಧನ) ಬೇಕು, ಮನೆಯಲ್ಲಿ ಸುತ್ತಿಗೆಯಿಂದ ತಟ್ಟಿ ನೋಡಿದರೆ ಮ್ಯಾಗ್ನೆಟ್ಟಿನ ಪೆಡಸು ಫೆರೈಟ್ ಸೀಳುತ್ತದೆ. ಎಂಟು ದಿಕ್ಕಿನ ಪರೀಕ್ಷೆಯಲ್ಲಿ ಎಲ್ಲೂ ಸದ್ದು ನಿಲ್ಲದೆ, ಹಿಂಬದಿಯಲ್ಲಿ ಮ್ಯಾಗ್ನೆಟ್ಟಿನ ಸುತ್ತ ಅದು ಅಂಟಿರುವ ಕಬ್ಬಿಣದ ತಟ್ಟೆ ಒಂದು ಕಡೆ ಮಾತ್ರ ಹೆಚ್ಚು ಕಾಣುತ್ತಿದ್ದರೆ ಆ ಜೋಡಿಯನ್ನು ಅಲ್ಲೇ ಬಿಟ್ಟು ಬನ್ನಿ, ಎಷ್ಟು ಕಡಿಮೆಗೆ ಕೊಟ್ಟರೂ.